ಅಟ್ಟದ ದೇವರೂ ಹಳದಿ ಚಪ್ಪಲಿಯೂ

ಇವತ್ತು ಬೆಳಿಗ್ಗೆ ಗರಾಜಿನ ಬಾಗಿಲ ಪಕ್ಕದ ಶೂ ರ್‍ಯಾಕ್ ಒರೆಸುತ್ತಿದ್ದೆ. ಸಂಜೆ ನಮ್ಮ ಮನೆಯಲ್ಲಿ ಪಾಟ್‌ಲಕ್, ಎಲ್ಲರೂ ಒಂದೊಂದು ಅಡುಗೆ ತಂದು ಉಣ್ಣುವ ಕೂಟ. ನಮ್ಮೂರು ರಾಚೆಸ್ಟರ್ ಹಿಲ್ಸ್‌ನ ಹತ್ತು ಹನ್ನೆರಡು ಕನ್ನಡ ಮನೆಗಳವರ ಪಾದರಕ್ಷೆಗೆ ಜಾಗವಾಗಬೇಕಲ್ಲ. ಕೆಳಗಿನ ಹಲಗೆಯಲ್ಲಿ, ಹಿಮದ ಬೂಟುಗಳ ಮರೆಯಲ್ಲಿ, ಅವು ಸಿಕ್ಕವು: ಡಚ್ಚರ ಮರದ ಜೋಡಿನ ಆಕಾರದಲ್ಲಿ ಹೊಲಿದ, ಹತ್ತಿ ತುಂಬಿದ, ಅರಿಶಿನಕ್ಕಿಂತ ಹಳದಿಯಾದ ಚಪ್ಪಲಿ. ಮೂತಿಯ ಮೇಲೊಂದು ಗಾಳಿಯಂತ್ರದ ಚಿತ್ರ. ಆರಿದೆ ಅಂದುಕೊಂಡಿದ್ದ ಹೋದ ವರ್ಷದ ಸಿಟ್ಟು ಕಾದೆಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯಿತು.

ನೀವು ಆಮ್‌ಸ್ಟರ್‌ಡ್ಯಾಮಿಗೆ ಹೋಗಿದ್ದೀರೋ ಇಲ್ಲವೋ ತಿಳಿಯದು. ಹೋಗುವುದಾದರೆ ನನ್ನ ಯಜಮಾನರ ಜೊತೆ ಹೋಗಬೇಡಿ. ಅವರು ಪಕ್ಕದ ವಾರೆನ್‌ನಲ್ಲಿ ಕಾರಿನ ಬಾಗಿಲುಗಳ ಎಂಜಿನಿಯರ್. ಬಾಗಿಲು ಎಷ್ಟು ಬೇಗ ಮುಚ್ಚಬೇಕು ಎಂದು ಯೋಚಿಸಿ ಯೋಚಿಸಿ, ಊರು ನೋಡುವುದೂ ಹಾಗೇ ಅಂದುಕೊಂಡುಬಿಟ್ಟಿದ್ದಾರೆ. ಗಾಳಿಯಂತ್ರ ನಲವತ್ತು ನಿಮಿಷ, ಚೀಸ್ ಅಂಗಡಿ ಹದಿನೈದು, ದೊಡ್ಡ ಚಿತ್ರಶಾಲೆ ತೊಂಬತ್ತು. ಆ ಚಿತ್ರಶಾಲೆಯಲ್ಲಿ ಒಬ್ಬ ಹೆಂಗಸು ಸುಮ್ಮನೆ ಹಾಲು ಸುರಿಯುವ ಪಟ ಒಂದಿದೆ. ನಾನು ದಿನಾ ಮಾಡುವ ಕೆಲಸವನ್ನು ಯಾರೋ ಇಷ್ಟು ಗೌರವದಿಂದ ನೋಡಿದ್ದಾರಲ್ಲ ಎಂದು ನಿಂತೆ. ‘ಮೂವ್ ಆಗೋಣ, ಇನ್ನೂ ಎರಡು ಫ್ಲೋರ್ ಇದೆ’ ಎಂದರು. ಹಾಲು ಪಾತ್ರೆಗೆ ಬೀಳುವ ಮೊದಲೇ ನಾನು ಮೆಟ್ಟಿಲಲ್ಲಿದ್ದೆ.

ಆದರೂ ಊರು ಚೆಂದ, ಸುಳ್ಳು ಹೇಳಬಾರದು. ಕಾಲುವೆಯ ಉದ್ದಕ್ಕೂ ಮನೆಗಳು ಬಸ್ಸಿನ ಸೀಟಿನಲ್ಲಿ ಒತ್ತರಿಸಿ ಕೂತವರಂತೆ ಒಂದರ ಭುಜಕ್ಕೊಂದು ಒರಗಿವೆ. ಒಳಗಿನ ಮೆಟ್ಟಿಲು ಕಿರಿದು ಎಂದು ಮಂಚ ಬೀರುಗಳನ್ನು ಹಗ್ಗ ಕಟ್ಟಿ ಕಿಟಕಿಯಿಂದ ಎಳೆದುಕೊಳ್ಳಲು ಪ್ರತಿ ಮನೆಯ ನೆತ್ತಿಗೂ ಒಂದು ಕೊಕ್ಕೆ. ‘ನಮ್ಮನ್ನೂ ಹಂಗ ಎಳಕೊಂಡ್ರ ಪಾಡಿತ್ತವಾ’ ಎಂದರು ನಮ್ಮ ಅತ್ತಿಗೆ, ಮಂಡಿ ಒತ್ತಿಕೊಳ್ಳುತ್ತ.

ಅತ್ತಿಗೆ ನಮ್ಮವರ ಅಕ್ಕ; ಹೋದ ವರ್ಷ ನಮ್ಮಿಬ್ಬರ ಜೊತೆ ಆ ಊರಿಗೆ ಬಂದಿದ್ದರು. ಧಾರವಾಡ ಕಡೆಯವರು, ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿದ್ದಾರೆ. ಮಕ್ಕಳ ಡಾಕ್ಟರಾಗಿದ್ದು ನಿವೃತ್ತರಾದವರು. ತಮ್ಮನನ್ನು ಇಲ್ಲಿಗೆ ಕರೆಸಿ, ಮನೆಯಲ್ಲಿಟ್ಟುಕೊಂಡು ಓದಿಸಿದವರೂ ಅವರೇ. ಆ ಪ್ರವಾಸದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಒಂದೇ ಜಾಗ: ಒಂದು ಹಳೆಯ ಮನೆಯ ಅಟ್ಟದ ಮೇಲಿನ ಚರ್ಚು. ಹಿಂದೆ ಅಲ್ಲಿ ಒಂದು ಪಂಗಡದ ಕ್ರೈಸ್ತರು ತಮ್ಮ ಪೂಜೆಯನ್ನು ಬಹಿರಂಗವಾಗಿ ಮಾಡುವಂತಿರಲಿಲ್ಲವಂತೆ. ಹೊರಗಿನಿಂದ ಮನೆ, ಒಳಗೆ ಅಟ್ಟದಲ್ಲಿ ದೇವರು. ‘ಮುಚ್ಚಿಟ್ಟು ಕಾಪಾಡಿದ ದೇವರನ್ನ ನೋಡಬೇಕಲ್ಲಾ’ ಎಂದಿದ್ದರು. ನಮ್ಮವರು ದೊಡ್ಡ ಮನಸ್ಸು ಮಾಡಿ ಮೂವತ್ತು ನಿಮಿಷ ಕೊಟ್ಟರು.

ಬಾಗಿಲಲ್ಲಿ ಸಾಲು ಇತ್ತು. ಅತ್ತಿಗೆ ಒಂದು ಕೈಯಲ್ಲಿ ಗೋಡೆ ಹಿಡಿದು, ಬಾಗಲಾರದೆ ಬಾಗಿ, ಬೂಟಿನ ಲೇಸು ಬಿಚ್ಚತೊಡಗಿದರು. ಮಂಡಿ ನೋವಿಗೆಂದೇ ಅಳತೆ ಕೊಟ್ಟು ಮಾಡಿಸಿದ ಬೂಟು. ನಾನು ನೋಡಿದೆ. ಕೈ ಕೊಡಲಿಲ್ಲ. ಹಿಂದಿನವರು ಏನೆಂದುಕೊಂಡಾರು ಎಂದು ಟಿಕೆಟ್ ಓದುವವಳಂತೆ ನಿಂತೆ. ಅವರು ಬೂಟುಗಳನ್ನು ಬಾಗಿಲ ಹೊರಗಿನ ಮೆಟ್ಟಿಲ ಬದಿಗೆ ಜೋಡಿಸಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದರು. ಏಣಿಯಂಥ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ, ಆ ಗುಲಾಬಿ ಬಣ್ಣದ ಪುಟ್ಟ ಚರ್ಚಿನಲ್ಲಿ ಕೈಮುಗಿದು ಕೂತರು. ನಮ್ಮವರು ಎರಡು ಸಲ ವಾಚು ನೋಡಿದರು.

ಹೊರಗೆ ಬಂದರೆ ಬೂಟು ಇಲ್ಲ! ಕೌಂಟರಿನ ಹುಡುಗಿ ಪಾಪ ತಾನೇ ತಪ್ಪು ಮಾಡಿದವಳಂತೆ ಹೇಳಿದಳು: ಈ ಊರಿನಲ್ಲಿ ಬೇಡವಾದ ಸಾಮಾನನ್ನು ಬಾಗಿಲ ಹೊರಗೆ ಇಡುವುದು ವಾಡಿಕೆ, ಬೇಕಾದವರು ತೆಗೆದುಕೊಂಡು ಹೋಗುತ್ತಾರೆ.

‘ಅಕ್ಕಾ, ಅದು ಮ್ಯೂಸಿಯಂ ಅದ, ಗುಡಿ ಅಲ್ಲ! ಎರಡೂಕಾಲು ಗಂಟೆಗೆ ಬೋಟ್ ಅದ ನಮ್ದು!’ ಎಂದು ಬೀದಿಯಲ್ಲೇ ಕೂಗಿದರು ತಮ್ಮ.

ಅತ್ತಿಗೆ ಅವರ ಕಡೆ ನೋಡಲೂ ಇಲ್ಲ. ‘ಹೋಗ್ಲಿ ಬಿಡು. ಯಾರು ಒಯ್ದಾರೋ, ಅವರಿಗೂ ಮಂಡಿ ನೋವು ಇರಬೇಕು’ ಎಂದರು.

ಕಣ್ಣಳತೆಯಲ್ಲಿ ಇದ್ದದ್ದು ಒಂದು ಪ್ರವಾಸಿಗರ ಅಂಗಡಿ. ಬೂಟಿನಂಗಡಿ ಹುಡುಕಿದರೆ ಬೋಟ್ ತಪ್ಪುತ್ತದಂತೆ. ಹೀಗೆ ಬಂತು ಈ ಹಳದಿ ಚಪ್ಪಲಿ. ನಲವತ್ತು ವರ್ಷ ಮಕ್ಕಳ ಎದೆಗೆ ಸ್ಟೆತಸ್ಕೋಪ್ ಇಟ್ಟ ಹೆಂಗಸು, ಬಾತುಕೋಳಿಯ ಹಾಗೆ ಕಾಲೆಳೆಯುತ್ತ ಒದ್ದೆ ಕಲ್ಲುಹಾಸಿನ ಮೇಲೆ ನಡೆದರು. ಸೈಕಲ್ಲಿನವರು ಗಂಟೆ ಬಾರಿಸಿ ಬಾರಿಸಿ ಬೈದರು. ಗಾಜಿನ ಮಾಡಿನ ಪ್ರವಾಸಿ ಬೋಟಿನಲ್ಲಿ ಟೇಪಿನ ದನಿ ಏಳು ಸೇತುವೆ ಒಂದೇ ಸಾಲಿನಲ್ಲಿ ಕಾಣುವ ಜಾಗ ತೋರಿಸಿತು. ಎಲ್ಲರೂ ಎದ್ದು ನಿಂತರು. ಅತ್ತಿಗೆ ಸೀಟಿನ ಕೆಳಗೆ ಕಾಲು ಮರೆಮಾಡಿಕೊಂಡು ಕೂತೇ ಇದ್ದರು. ಅವರ ತಮ್ಮ ಬಗ್ಗಿ, ಸೀಟಿನ ಕೆಳಗಿನ ಆ ಕಾಲೂ ಅವರ ಮುಖವೂ ಬರುವಂತೆ ಫೋಟೋ ತೆಗೆದು, ಅಲ್ಲಿಂದಲೇ ಅತ್ತಿಗೆಯೂ ಇದ್ದ ನಮ್ಮ ಪಾಟ್‌ಲಕ್ ಗ್ರೂಪಿಗೆ ಕಳಿಸಿದರು. ‘ಡಚ್ ಡಾಕ್ಟರ್’ ಅಂತೆ! ಕೆಳಗೆ ಸಾಲುಸಾಲು ನಗುವ ಮುಖಗಳು.

ಅದಾದ ಮೇಲೆ ಅತ್ತಿಗೆ ನಮ್ಮ ಮನೆಗೆ ಬಂದಿಲ್ಲ; ನಮ್ಮ ಪೆಟ್ಟಿಗೆಯಲ್ಲಿ ಸೇರಿ ಬಂದದ್ದು ಚಪ್ಪಲಿ ಮಾತ್ರ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಂಡಿಯ ನೆಪ, ಯುಗಾದಿಗೆ ಹಿಮದ ನೆಪ. ನಾನು ಮೂರು ಸಲ ಕರೆದ ಮೇಲೆ ಇವತ್ತು ತಾವೇ ಡ್ರೈವ್ ಮಾಡಿಕೊಂಡು ಹೊರಟಿದ್ದಾರೆ. ನಮ್ಮವರೋ, ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಸಂಜೆಗೆ ಪ್ರವಾಸದ ಫೋಟೋ ಜೋಡಿಸುತ್ತಿದ್ದರು.

ಚಪ್ಪಲಿ ಹಿಡಿದೇ ಹೋಗಿ ನಿಂತೆ. ‘ಆ ಫೋಟೋ ತೆಗೀರಿ.’

‘ಅದೇ ಬೆಸ್ಟ್ ಫೋಟೋ ಕಣೇ. ಎಲ್ಲರೂ ನಗ್ತಾರೆ.’

‘ಅದಕ್ಕೇ ತೆಗೀರಿ. ದೇವರ ಮುಂದೆ ಬೂಟು ಹಾಕ್ಕೊಂಡು ನಿಂತಿದ್ದು ನಾವಿಬ್ರು. ನಗಬೇಕಾದ್ರೆ ನಮ್ಮನ್ನ ನೋಡಿ ನಗ್ಲಿ. ಇವತ್ತು ಬರೋರು ಒಬ್ರಾದ್ರೂ ನಮ್ಮನೆ ಒಳಗೆ ಬೂಟು ಹಾಕ್ಕೊಂಡು ಬರ್ತಾರಾ?’

ಅವರು ತಲೆ ಎತ್ತಿದರು. ‘ಈಗ ಹೇಳ್ತೀಯಲ್ಲ, ಗ್ರೂಪಲ್ಲಿ ಫಸ್ಟ್ ನಕ್ಕಿದ್ದು ಯಾರು?’

ಓದುಗರೇ, ಇಷ್ಟು ಹೊತ್ತು ನಿಮಗೆ ಮುಚ್ಚಿಟ್ಟಿದ್ದು ಇದನ್ನೇ. ಫಸ್ಟ್ ನಕ್ಕಿದ್ದು ನಾನು. ಬೋಟಿನಲ್ಲಿ, ಅತ್ತಿಗೆಯ ಪಕ್ಕದ ಸೀಟಿನಲ್ಲಿ ಕೂತು. ಚಪ್ಪಲಿ ಹಿಡಿದು ಅಲ್ಲೇ ನಿಂತಿದ್ದೆ. ಅವರೇ ಆ ಫೋಟೋ ಅಳಿಸಿದರು.

ಮಧ್ಯಾಹ್ನ ಕಾರಿನ ಸದ್ದಾಯಿತು. ಅತ್ತಿಗೆ ಗರಾಜಿನ ಬಾಗಿಲಿಗೆ ಬಂದು, ಅಭ್ಯಾಸದಂತೆ ಒಂದು ಕೈಯಲ್ಲಿ ಗೋಡೆ ಹಿಡಿದರು. ನಾನು ಮೊದಲೇ ಅಲ್ಲೊಂದು ಸ್ಟೂಲು ಇಟ್ಟಿದ್ದೆ. ಕೂರಿಸಿದೆ.

‘ಅತ್ತಿಗೆ, ಅವತ್ತು ಬೋಟಲ್ಲಿ... ನಾನೂ ನಕ್ಕಿದ್ದೆ.’

‘ಗೊತ್ತದ’ ಎಂದರು. ‘ನಿನ್ನ ಹೆಸರೇ ಮೊದಲಿತ್ತು.’

ಕಾಲು ಚಾಚಿದರು. ನಾನು ನೆಲದ ಮೇಲೆ ಕೂತು ಲೇಸಿಗೆ ಕೈ ಹಾಕಿದೆ. ಗಂಟು ಬಿಗಿಯಾಗಿತ್ತು, ಹೊತ್ತು ಹಿಡಿಯಿತು.