ಮಾಜಿ ಹೊಳೆ

ನನ್ನ ಕೈಯಲ್ಲಿ ಡಿಗ್ರಿ ಆಗುವುದಿಲ್ಲ ಎಂದು ಹೇಳಿದವರು ನನ್ನ ಅತ್ತೆ. ನೈರೋಬಿಯ ಹೈರಿಡ್ಜ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ, ಬಂದ ನೆಂಟರ ಮುಂದೆ, ನಾನು ಕಾಫಿ ಲೋಟ ಹಿಡಿದು ನಿಂತಿರುವಾಗಲೇ ಹೇಳಿದರು. "ಜಲ್ಲಿ ಒಡೆಯೋರ ಮನೆ ಹುಡುಗಿ, ಭೂಗೋಳ ಓದ್ತಾಳಂತೆ. ಕಲ್ಲು ಓದೋಕೂ ಒಂದು ಡಿಗ್ರಿ ಬೇಕಾ?" ನೆಂಟರು ನಕ್ಕರು. ನಾನು ಲೋಟ ಕೊಟ್ಟು ಒಳಗೆ ಹೋದೆ.

ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮಪ್ಪ ರಾಮನಗರದ ಹತ್ತಿರದ ಕ್ವಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದರು. ಅಮ್ಮನೂ ಒಡೆದಳು. ಶಾಲೆಯಿಂದ ಬಂದ ಮೇಲೆ ನಾನೂ ಒಡೆದೆ. ಸುತ್ತಿಗೆ ತಪ್ಪಿ ಚಪ್ಪಟೆಯಾದ ಉಗುರು ಈಗಲೂ ನನ್ನ ಎಡ ಹೆಬ್ಬೆರಳಿನಲ್ಲಿದೆ. ಹಠ ಮಾಡಿ ಪಿಯುಸಿ ಮುಗಿಸಿದೆ, ಮದುವೆಯಾಗಿ ನೈರೋಬಿಗೆ ಬಂದೆ. ನನ್ನ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಕರೆಯುವಂತೆ ಇಲ್ಲೂ 'ಇವರು' ಎಂದೇ ಬರೆಯುತ್ತೇನೆ. ಇವರು ಓದು ಎಂದರು. ಕೆಲಸ, ಮನೆ ನೋಡಿಕೊಂಡು ಹೊರಗಿನಿಂದ ಓದುವವರಿಗೆ ವಿಶ್ವವಿದ್ಯಾಲಯ ಐದು ವರ್ಷದ ಗಡುವು ಕೊಡುತ್ತಿತ್ತು. ಐದನೆಯ ವರ್ಷ ಬಂದಾಗ ನನಗೆ ಉಳಿದದ್ದು ಒಂದೇ ವರದಿ. ಒಣ ಹೊಳೆಯೊಂದರ ಕಮರಿಗೆ ಹೋಗಿ, ಹಳೆಯ ನೆರೆ ಬಂಡೆಯ ಮೇಲೆ ಎಲ್ಲಿಯವರೆಗೆ ಗುರುತು ಬಿಟ್ಟಿದೆ ಎಂದು ಅಳೆದು ಬರೆಯಬೇಕು. ಆ ವರದಿ ತಿಂಗಳೊಳಗೆ ಸಲ್ಲಿಸದಿದ್ದರೆ ಐದೂ ವರ್ಷ ನೀರಿನಲ್ಲಿ ಹೋದಂತೆ.

ಇವರು ಗುಜರಿಗೆ ಹೋಗಬೇಕಿದ್ದ ಒಂದು ಹಳೆಯ ಕೊಂಬಿ ವ್ಯಾನನ್ನು ಬಡಿದು, ಬೆಸೆದು ಎಬ್ಬಿಸಿದ್ದರು. ಒಳಗೆ ಮಲಗಲು ಹಲಗೆ, ಗ್ಯಾಸಿನ ಒಲೆ, ನೀರಿನ ಜೆರಿಕ್ಯಾನು, ಕಿಟಕಿಗೆ ಸೊಳ್ಳೆಯ ಜಾಲರಿ. ರಜೆ ಹಾಕಿ ಇಬ್ಬರೂ ಹೊರಟೆವು. ಉತ್ತರದ ಇಸಿಯೋಲೊ ಪಟ್ಟಣ ದಾಟಿದ ಮೇಲೆ ರಸ್ತೆ ನಮ್ಮನ್ನು ಹೊಡೆಯಲು ಶುರುಮಾಡಿತು. ಪಾತ್ರೆಗಳು ಗೋಡೆಗೆ ಬಡಿದವು, ನನ್ನ ತಲೆ ಚಾವಣಿಗೆ ಬಡಿಯಿತು, ನಾಲಿಗೆ ಕಚ್ಚಿ ಬಾಯಲ್ಲಿ ರಕ್ತ ಬಂತು. ದಾರಿಯುದ್ದಕ್ಕೂ ಮೇಕೆ ಕಾಯುವವರು ಕೈ ಅಡ್ಡ ಹಿಡಿದು "ಮಾಜಿ, ಮಾಜಿ" ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಮಾಜಿ ಎಂದರೆ ನೀರು. ಇವರು ಪ್ರತಿ ಸಲ ನಿಲ್ಲಿಸಿ ಬಾಟಲಿ ತುಂಬಿಸಿ ಕೊಟ್ಟರು.

ಕಮರಿಯ ಹತ್ತಿರ ವ್ಯಾನ್ ನಿಲ್ಲಿಸಿ ಬೆಳಿಗ್ಗೆ ಕೆಳಗಿಳಿದೆವು. ಎರಡೂ ಕಡೆ ಕೆಂಪು ಬಂಡೆಯ ಗೋಡೆ, ನಡುವೆ ಬರೀ ಮರಳು. ಇವರು ಮರಳನ್ನು ಬೂಟಿನಿಂದ ಒದ್ದು, "ಮಾಜಿ ಮಂತ್ರಿ ಇದ್ದ ಹಾಗೆ ಇದು ಮಾಜಿ ಹೊಳೆ ಕಣೇ" ಎಂದರು. ನನಗೂ ನಗು ಬಂತು. ಮಧ್ಯಾಹ್ನದ ಹೊತ್ತಿಗೆ ಒಂದು ಮೈಲಿ ಒಳಗೆ ಹೋಗಿ, ಇವರು ಟೇಪು ಹಿಡಿದು, ನಾನು ಬರೆದುಕೊಂಡು, ಪುಸ್ತಕ ಮುಕ್ಕಾಲು ತುಂಬಿತ್ತು. ಮೇಲೆ ಆಕಾಶ ಚೊಕ್ಕ ನೀಲಿ. ಇಂಥ ಹೊಳೆಗೆ ದೂರದ ಬೆಟ್ಟದ ಮಳೆಯಿಂದಲೂ ನೆರೆ ಬರುತ್ತದೆ ಎಂದು ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ.

ಆಗ ಕಮರಿಯ ಅಂಚಿನಲ್ಲಿ ಒಬ್ಬ ಮುದುಕ ಕಾಣಿಸಿಕೊಂಡ. ಕೋಲು ಬೀಸುತ್ತಾ ಕೂಗಿದ: "ಮಾಜಿ! ಮಾಜಿ!"

ಇವರು ತಲೆಯೆತ್ತಿ ನೋಡಿ, ಬಾಟಲಿ ಎತ್ತಿ ತೋರಿಸಿ, ಸ್ವಲ್ಪ ತಾಳು, ಮೇಲೆ ಬಂದು ಕೊಡುತ್ತೇವೆ ಎಂದು ಸ್ವಾಹಿಲಿಯಲ್ಲಿ ನಗುತ್ತಾ ಹೇಳಿದರು. ಮುದುಕ ಇನ್ನೂ ಜೋರಾಗಿ ಕೂಗಿದ. ಪಾಪ, ತುಂಬಾ ಬಾಯಾರಿದೆ ಅಂತ ಕಾಣುತ್ತೆ ಎಂದರು ಇವರು.

ನನಗೆ ಆಗ ಸದ್ದು ಕೇಳಿಸಿತು. ಅದು ನೀರಿನ ಸದ್ದಲ್ಲ. ಕಲ್ಲು ಕಲ್ಲಿಗೆ ಬಡಿಯುವ ಸದ್ದು, ಲಾರಿಯಿಂದ ಸೈಜುಗಲ್ಲು ಸುರಿದಂತೆ, ಆದರೆ ನಿಲ್ಲದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಇಲ್ಲಿ ಕ್ವಾರಿ ಇಲ್ಲವಲ್ಲ ಎಂದುಕೊಂಡ ಕ್ಷಣವೇ ಅದು ನೆರೆ ಎಂದು ಗೊತ್ತಾಯಿತು.

"ಹತ್ತಿ, ಹತ್ರೀ," ಎಂದು ಇವರ ಅಂಗಿ ಹಿಡಿದೆಳೆದೆ. ಆಳೆತ್ತರದ ಮೇಲೆ ಗೋಡೆಯಲ್ಲಿ ಬಂಡೆಯ ಒಂದು ಚಾಚು ಇತ್ತು, ಇಬ್ಬರು ನಿಲ್ಲುವಷ್ಟು ಅಗಲ. ಮೊಣಕಾಲು ಸುಲಿದುಕೊಂಡು ನಾನು ಹತ್ತಿದೆ. ತಿರುಗಿ ನೋಡಿದರೆ ಇವರು ಟೇಪಿಗಾಗಿ ಹಿಂದಕ್ಕೆ ಓಡಿದ್ದರು. ಅದನ್ನು ಕೊರಳಿಗೆ ಸುತ್ತಿಕೊಂಡು ಗೋಡೆ ಮುಟ್ಟುವಷ್ಟರಲ್ಲಿ ತಿರುವಿನಿಂದ ಅದು ನುಗ್ಗಿತು. ನೀರೆಂದು ಹೇಳಲಾರೆ. ಕಂದು ಕೆಸರು, ಬೇರು ಸಮೇತ ಜಾಲಿ ಮರ, ಉರುಳುವ ಬಂಡೆ. ಇವರ ಸೊಂಟದವರೆಗೆ ಏರಿತು. ಒಂದು ದಿಮ್ಮಿ ಬಂದು ಇವರ ಎಡಗೈಯನ್ನು ಬಂಡೆಗೆ ಅಪ್ಪಳಿಸಿತು. ಅಷ್ಟೆಲ್ಲ ಗದ್ದಲದಲ್ಲೂ ಮೂಳೆ ಮುರಿದದ್ದು ನನಗೆ ಕೇಳಿಸಿತು.

ಬೋರಲು ಮಲಗಿ, ಹೆಗಲಿನ ಕ್ಯಾನ್ವಾಸ್ ಚೀಲವನ್ನು ಪಟ್ಟಿ ಹಿಡಿದು ಕೆಳಗೆ ಬಿಟ್ಟೆ. ಇವರು ಬಲಗೈಯಲ್ಲಿ ಚೀಲ ಹಿಡಿದರು. ಪುಸ್ತಕ ಅದರೊಳಗಿತ್ತು, ತೆಗೆದಿಡಬೇಕೆಂದು ಹೊಳೆಯಲೂ ಇಲ್ಲ. ಎಳೆದೆ. ಇವರ ಮೊಣಕಾಲು ಚಾಚಿಗೆ ತಗುಲಿದಾಗ ಹೊಲಿಗೆ ಹರಿಯಿತು. ಪುಸ್ತಕ ಬಿದ್ದು, ಒಮ್ಮೆ ಬಿಚ್ಚಿಕೊಂಡು, ಹೋಯಿತು. ಇವರ ಮುಖ ಬೂದಿಯಾಗಿ, ಕಣ್ಣು ಮುಚ್ಚಿ, ಮೈ ಮತ್ತೆ ಕೆಳಕ್ಕೆ ಜಾರತೊಡಗಿತು. ಕೆನ್ನೆಗೆ ಎರಡು ಬಾರಿಸಿದೆ. ಗಂಡನ ಮೇಲೆ ನಾನು ಕೈ ಮಾಡಿದ್ದು ಅದೊಂದೇ ಸಲ, ಗಟ್ಟಿಯಾಗಿಯೇ ಹೊಡೆದೆ. ಕಣ್ಣು ತೆರೆದರು, ಹತ್ತಿದರು.

ನಮ್ಮ ಕಾಲ ಕೆಳಗೆ ಮೇಕೆಗಳು ಹೋದವು. ಕೆಲವು ಇನ್ನೂ ಬಾಯಿ ಬಿಡುತ್ತಿದ್ದವು. ಬಂಡೆಗೆ ಬಡಿದು ಒಂದೊಂದಾಗಿ ಸುಮ್ಮನಾದವು.

ಎರಡು ಗಂಟೆಯಲ್ಲಿ ನೀರು ಪಾದದಷ್ಟಕ್ಕೆ ಇಳಿಯಿತು. ಮುದುಕ ಕೆಳಗಿಳಿದು ಬಂದು ಕೋಲಿನಿಂದ ಇವರ ಹೆಗಲಿಗೆ ಹೊಡೆದ. ಮತ್ತೊಮ್ಮೆ ಹೊಡೆದ. ಆಮೇಲೆ ಹೇಳಿದ: ನಿಮ್ಮನ್ನು ಕೂಗುತ್ತಾ ನಿಂತಿದ್ದೆ, ಮೇಲಿನ ತಿರುವಿನಲ್ಲಿ ನನ್ನ ಮೇಕೆಗಳು ಹೊಳೆಗೆ ಇಳಿದವು. ನೀರು ಬಂತು ಎಂದರೆ ನೀನು ನೀರು ತೋರಿಸಿ ನಕ್ಕೆ. ಇವರು ಕೈ ಅಡ್ಡ ತರಲಿಲ್ಲ. ಮುದುಕ ಕೋಲು ಬಿಸಾಡಿ ಕಲ್ಲಿನ ಮೇಲೆ ಕುಕ್ಕರಿಸಿದ. ಮುಖ ಒರೆಸಿಕೊಂಡು ಮೆಲ್ಲಗೆ, "ಮಾಜಿ" ಎಂದ. ಈ ಸಲ ಅವನು ಕೇಳಿದ್ದು ಕುಡಿಯುವ ನೀರು. ಇವರು ಸೊಂಟಕ್ಕೆ ಸಿಕ್ಕಿಸಿದ್ದ ಬಾಟಲಿಯನ್ನು ಬಲಗೈಯಿಂದ ತೆಗೆದು ಕೊಟ್ಟರು. ಮುಂದಿನ ತಿಂಗಳು ಮೇಕೆ ಕೊಂಡುಕೊಟ್ಟೆವು. ಆದರೂ ತಮ್ಮ ಆ ನಗುವನ್ನು ಇವರು ಇಂದಿಗೂ ಮರೆತಿಲ್ಲ.

ಮೇಲೆ ವ್ಯಾನಿಗೆ ಬಂದು, ಅದರ ಹಲಗೆ ಸೀಳಿ, ನನ್ನ ದುಪಟ್ಟಾದಿಂದ ಇವರ ಕೈ ಕಟ್ಟಿದೆ. ಆಸ್ಪತ್ರೆಗೆ ಹೋಗೋಣ ನಡೀರಿ ಎಂದೆ. ಇವರು ಕೊರಳಿನಿಂದ ಟೇಪು ತೆಗೆದು ನನ್ನ ಮುಂದೆ ಹಿಡಿದರು.

"ಕೈ ಆಗಲೇ ಮುರಿದಿದೆ, ಇನ್ನೇನು ಮುರಿಯುತ್ತೆ? ಗೋಡೆ ಒಣಗೋದ್ರೊಳಗೆ ಹೋಗಿ ಅಳೆದುಕೊಂಡು ಬಾ."

ನಾನು ಅಳುತ್ತಾ ಇಳಿದೆ. ಒದ್ದೆ ಗೆರೆ ಗೋಡೆಯ ಮೇಲೆ ಸುಣ್ಣ ಬಳಿದಷ್ಟು ಸ್ಪಷ್ಟವಾಗಿತ್ತು. ಜೋಳದ ಹಿಟ್ಟಿನ ಖಾಲಿ ಪೊಟ್ಟಣಗಳ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆದೆ. ಸತ್ತ ಮೇಕೆಗಳು ಮುಳ್ಳಿನ ಮರಕ್ಕೆ ಸಿಕ್ಕಿಕೊಂಡ ಎತ್ತರವನ್ನೂ ಅಳೆದೆ.

ನನಗೆ ವ್ಯಾನ್ ಓಡಿಸಲು ಬರುತ್ತಿರಲಿಲ್ಲ. ಗೇರು ಇವರ ಎಡಗಡೆ. ಇವರು ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು "ಸೆಕೆಂಡು", "ಥರ್ಡು" ಎಂದು ಕಿರುಚಿದಾಗಲೆಲ್ಲ ಪಕ್ಕದ ಸೀಟಿನಿಂದ ನಾನು ಗೇರು ಹಾಕಿದೆ. ಪ್ರತಿ ಗುಂಡಿಗೂ ಇವರ ಹಲ್ಲು ಕಟಕಟ ಎನ್ನುತ್ತಿತ್ತು. ಇಸಿಯೋಲೊ ಆಸ್ಪತ್ರೆ ಸಿಗುವವರೆಗೆ ಹಾಗೆಯೇ.

ಮನೆಗೆ ಬಂದಾಗ ಅತ್ತೆ ಮಗನ ಪ್ಲಾಸ್ಟರು ನೋಡಿ ಕೈಯಲ್ಲಿದ್ದ ಸ್ಟೀಲ್ ತಟ್ಟೆಯನ್ನು ಗೋಡೆಗೆ ಎಸೆದರು. ಕಲ್ಲು ಓದೋಕೆ ಹೋಗಿ ನನ್ನ ಮಗನ ಕೈ ಮುರಿದಳು ಎಂದು ಬೀದಿಗೆಲ್ಲ ಹೇಳಿದರು. ನನ್ನೊಡನೆ ಮಾತು ಬಿಟ್ಟರು. ನಾನು ಹಿಟ್ಟಿನ ಪೊಟ್ಟಣ ಹರಡಿಕೊಂಡು ವರದಿ ಬರೆದೆ, ಗಡುವಿಗೆ ಎರಡು ದಿನ ಇರುವಾಗ ಕೊಟ್ಟೆ. ಮೇಷ್ಟರು ಪೊಟ್ಟಣಗಳನ್ನೂ ತರಿಸಿ ನೋಡಿ, ಅಂಕ ಹಾಕಿದರು.

ಪದವಿ ಕೊಡುವ ದಿನ ಅತ್ತೆ ಯಾರೂ ಕರೆಯದೆ ರೇಷ್ಮೆ ಸೀರೆ ಉಟ್ಟು ಕೊಂಬಿಯಲ್ಲಿ ಕೂತಿದ್ದರು. ಹೆಸರು ಕೂಗಿದಾಗ ವೇದಿಕೆ ಹತ್ತಿದೆ, ಕಾಗದ ಕೈಗೆ ಬಂತು. ನಮ್ಮ ವಂಶದಲ್ಲೇ ಮೊದಲನೆಯದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೆಳಗೆ ಬಂದು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ನನ್ನ ಹೆಸರಿನ ಮೇಲೆ ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು.

"ಇದು ನೀರಿಗೆ ಬಿದ್ದರೆ ಅಳಿಸಿಹೋಗುತ್ತಾ?"

ಹೋಗುತ್ತೆ ಅತ್ತೆ ಎಂದೆ.

"ಹಾಗಾದ್ರೆ ಇವತ್ತೇ ಪ್ಲಾಸ್ಟಿಕ್ ಹಾಕಿಸು. ಇನ್ನೊಂದು ಸಲ ಬರೆಯೋಕೆ ಹೋಗಿ ನನ್ನ ಮಗನ ಇನ್ನೊಂದು ಕೈ ಮುರೀಬೇಡ."