ಬಾಗಿಲ ಹಿಂದಿನ ಬಿಸಿನೀರು

ನಮ್ಮ ಓಣಿಯ ಜೈತುನ್ಬೀ ಸತ್ತವರಿಗೆ ಸ್ನಾನ ಮಾಡಿಸುವವಳು. ಶಹಾಬಾದಿನ ಮುಸಲ್ಮಾನರ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಮೊದಲು ಆಕೆಗೆ ಹೇಳಿಕಳಿಸುತ್ತಾರೆ, ಅಳುವುದು ಆಮೇಲೆ. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕಾಯಿಸಿದ ನೀರನ್ನು ಮೊದಲು ತನ್ನ ಮುಂಗೈ ಮೇಲೆ ಸುರಿದುಕೊಂಡು ನೋಡುತ್ತಾಳೆ. ಸುಡಬಾರದು, ತಣ್ಣಗೂ ಇರಬಾರದು.

"ಸತ್ತವರಿಗೇನು ಗೊತ್ತಾಗ್ತದ ಬಿಡು" ಎಂದು ನಾನೊಮ್ಮೆ ಅಂದಿದ್ದೆ.

"ಅವರಿಗೇ ಗೊತ್ತಾಗೋದ್ರಿ ಅಕ್ಕೋರ. ನಮಗೇನು, ನಾಳೆ ಮತ್ತ ಜಳಕ ಮಾಡ್ತೀವಿ" ಎಂದಳು.

ನಾನು ಉಮಾದೇವಿ, ಆಕೆಯ ಪಕ್ಕದ ಮನೆಯವಳು, ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಜೈತುನ್ಬೀ ಸಿಟ್ಟಾದದ್ದನ್ನು ಮಾತ್ರ ನಾನು ಕಂಡಿಲ್ಲ. ಆದರೆ ಎರಡು ಮೂರು ವರ್ಷಗಳಿಂದ ಆಕೆಯ ಮನೆಯಲ್ಲಿ ಒಂದು ವಿಚಿತ್ರ ನಡೆದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ತಂಬಿಗೆ ನೀರು ಕಾಯಿಸಿ ಬಾಗಿಲ ಹಿಂದೆ ಇಡುತ್ತಿದ್ದಳು. ಅದು ಕುಡಿಯುವುದಕ್ಕಲ್ಲ, ಕಾಲು ತೊಳೆಯುವುದಕ್ಕೂ ಅಲ್ಲ. ಯಾರಾದರೂ ಮುಟ್ಟಹೋದರೆ ಕೈ ಹಿಡಿದು ತಡೆಯುತ್ತಿದ್ದಳು. ಬೆಳಿಗ್ಗೆ ಆ ತಣ್ಣಗಾದ ನೀರನ್ನು ಬೇವಿನ ಮರದ ಬುಡಕ್ಕೆ ಚೆಲ್ಲುವಾಗ ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಯಾಕೆಂದು ಕೇಳಿದರೆ ಒಳಗೆ ಕೆಲಸವಿದೆಯೆಂದು ಎದ್ದುಬಿಡುತ್ತಿದ್ದಳು. ಸುಳ್ಳೇಕೆ, ಆ ತಂಬಿಗೆ ಕಂಡರೆ ನನಗೆ ಹೆದರಿಕೆಯಾಗುತ್ತಿತ್ತು.

ಆಕೆಯ ಮಗಳು ಮುಸರತ ನನ್ನ ಕೈಯಲ್ಲಿ ಅಕ್ಷರ ಕಲಿತವಳು. ಡಾಕ್ಟರಾಗಿ, ಮುಂದೆ ಶರೀರರಚನೆಯ ಶಾಸ್ತ್ರವನ್ನೇ ಓದಿ, ಜಿಲ್ಲೆಯ ಒಂದು ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಕಲಿಸುವ ಕೆಲಸಕ್ಕೆ ಸೇರಿದಳು. ತಾಯಿ ಹೆಣ ತೊಳೆಯುವವಳು, ಮಗಳು ಹೆಣ ಕೊಯ್ಯುವವಳು ಎಂದು ಓಣಿ ಆಡಿಕೊಂಡಿತು. ಎಲುಬಿಲ್ಲದ ನಾಲಿಗೆ, ಹಿಡಿಯುವವರು ಯಾರು! ಅವಳ ಸಂದರ್ಶನದಲ್ಲಿ ಪಾಠದ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹಿರಿಯರೊಬ್ಬರು ನಗುನಗುತ್ತ, "ನಿಮ್ಮವರು ಇಲ್ಲಿ ಯಾರೂ ಇಲ್ಲಲ್ಲವಾ, ಹೊಂದ್ಕೊಂಡು ಹೋಗ್ತೀರೇನು?" ಎಂದು ಕೇಳಿದ್ದರಂತೆ. ಆ ಕಾಲೇಜಿನ ಗೋಡೆಯ ಮೇಲೆ ಹಿಂದಿನ ಮುಖ್ಯಸ್ಥರ ಫೋಟೋಗಳಿವೆ. ಕೆಳಗಿನ ಹೆಸರು ಓದುತ್ತ ಹೋದರೆ ಒಂದೇ ಮದುವೆಗೆ ಬಂದ ಬೀಗರನ್ನು ಕರೆದಂತಾಗುತ್ತದೆ. ನಾನೂ ಅದೇ ಬೀಗರ ಪೈಕಿಯವಳು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಹೋದ ವರ್ಷ ಮೇಲಿನವರ ಅಪ್ಪಣೆಯಾಗಿ ಅಲ್ಲೊಂದು ಸಮಿತಿ ಆಯಿತು. ಎಲ್ಲ ಸಮುದಾಯದ ಅಧ್ಯಾಪಕರು, ಮಕ್ಕಳು ಬರಬೇಕು, ಬಂದವರು ಉಳಿಯಬೇಕು, ಅದನ್ನು ನೋಡಿಕೊಳ್ಳಲು. ಮುಸರತಳನ್ನೂ ಅದರಲ್ಲಿ ಹಾಕಿದರು. ಒಗ್ಗರಣೆಗೆ ಕರಿಬೇವು ಬೇಕಲ್ಲ, ಉಣ್ಣುವಾಗ ಬದಿಗೆ ತೆಗೆದಿಟ್ಟರಾಯಿತು. ಬಂದ ಮಕ್ಕಳು ನಿಲ್ಲುತ್ತಲೂ ಇರಲಿಲ್ಲ. ಚಿಂಚೋಳಿ ಕಡೆಯ ತಾಂಡಾದ ಹುಡುಗಿಯೊಬ್ಬಳು ದಸರೆಗೆಂದು ಊರಿಗೆ ಹೋದವಳು ತಿರುಗಿ ಬರಲಿಲ್ಲ. ಈಗ ದಂಡೋತಿಯ ಸಾನಿಯಾ, ಮೊದಲ ವರ್ಷದವಳು, ಗಂಟುಮೂಟೆ ಕಟ್ಟಿ ಕೂತಿದ್ದಳು.

"ಈಕಿನೂ ಹೋದ್ರ ಮುಂದ ಬರೋರಿಗೆ ನಾ ಏನಂತ ಹೇಳ್ಲಿ ಅಕ್ಕೋರ? ನಾನೊಬ್ಬಾಕಿ ಅಲ್ಲಿ ಕುಂತು ಏನು ಮಾಡ್ಲಿ?" ಎಂದು ಮುಸರತ ನನ್ನೆದುರು ಕಣ್ಣೀರು ಹಾಕಿದಳು. ಊರಿಗೆ ಹೊರಟವಳನ್ನು ದಾರಿಯಲ್ಲಿ ಒಂದು ದಿನವಾದರೂ ನಿಲ್ಲಿಸೋಣವೆಂದು ಭಾನುವಾರ ಮನೆಗೆ ಕರೆತಂದಳು. ಊಟಕ್ಕೆ ನಾನೂ ಹೋಗಿದ್ದೆ.

ಸಾನಿಯಾ ಸಣಕಲು ಹುಡುಗಿ. ಜೈತುನ್ಬೀಯನ್ನು ಬಂದ ಕೂಡಲೇ ನಾನೀಮಾ, ಅಂದರೆ ಅಜ್ಜಿ, ಎಂದು ಕರೆದಿದ್ದಳು. ತಟ್ಟೆಯ ಅನ್ನವನ್ನು ಬೆರಳಿನಿಂದ ಅತ್ತಿತ್ತ ಮಾಡಿದಳೇ ಹೊರತು ಉಣ್ಣಲಿಲ್ಲ.

"ಏನಾಗ್ಯದ ಹೇಳು ಬೇಟಾ" ಎಂದಳು ಜೈತುನ್ಬೀ.

"ನಾವು ಕೊಯ್ದು ಕಲಿಯೂ ಟೇಬಲ್ ಮ್ಯಾಲಿನ ಹೆಂಗಸು ನನ್ನ ಬೆನ್ನು ಹತ್ಯಾಳ, ನಾನೀಮಾ. ಹಾಸ್ಟೆಲಿನ್ಯಾಗ ನಳ ಬಿಟ್ಟ ಸಪ್ಪಳ ಕೇಳಿದ್ರ ಆಕಿನೇ ನೀರು ಕೇಳಾಕತ್ಯಾಳ ಅನಸ್ತದ. ಉಳಿದವರು ಆಕಿಗಿ ಏನೇನೋ ಹೆಸರಿಟ್ಟು ನಗ್ತಾರ. ನಂಗ ನಗು ಬರಂಗಿಲ್ಲ. ಆಕಿ ಕೈ ನಮ್ಮಪ್ಪನ ತಾಯಿ, ನಮ್ಮ ದಾದಿ ಕೈ ಇದ್ದಂಗ ಅದ. ಮುಂಗೈ ಮ್ಯಾಲ ನವಿಲಿನ ಹಚ್ಚಿ ಅದ. ಆ ನವಿಲಿಗಿ ಒಂದು ಕಾಲು ಬರಿಯೂದೇ ಬಿಟ್ಟಾರ."

ಜೈತುನ್ಬೀ ಬಡಿಸುತ್ತಿದ್ದ ಬೋಗುಣಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎಡಗೈ ಮ್ಯಾಲಲ್ಲೇನು?"

"ಹೌದು. ನಿಮಗ ಹ್ಯಾಂಗ ಗೊತ್ತು?"

ಜೈತುನ್ಬೀ ಎದ್ದು ಹೋಗಿ ಬಾಗಿಲ ಹಿಂದಿನ ಖಾಲಿ ತಂಬಿಗೆಯನ್ನು ತಂದು ಮುಂದಿಟ್ಟುಕೊಂಡು ಕೂತಳು. ಆಮೇಲೆ ಹೇಳಿದಳು.

"ವಾಡಿ ಸ್ಟೇಷನ್ನಿನ್ಯಾಗ ಮೆಟ್ಟಲ ಬುಡಕ ಇರ್ತಿದ್ದಳು. ಸತ್ತಾಗ ಪೊಲೀಸರು ನನ್ನ ಕರಸಿದ್ರು. ಕೊರಳಾಗ ತಾಯತ ಇತ್ತು, ನಿಮ್ಮಾಕಿ ಇರಬೇಕು, ನೀರು ಹಾಕಿ ಮಣ್ಣು ಮಾಡ್ರಿ ಅಂದ್ರು. ನಾ ನೀರು ಕಾಸಿದೆ. ಕೈ ಮ್ಯಾಲಿನ ಸೆರಗು ಸರಿಸಿದ್ರ ಹಚ್ಚಿ ಕಂಡ್ತು. ಹಚ್ಚಿ ನಮ್ಮ ಧರ್ಮಕ್ಕ ಸಲ್ಲಂಗಿಲ್ಲ, ಈಕಿ ನಮ್ಮಾಕಿ ಅಲ್ಲ ಅಂದೆ. ಅತ್ತಾಗಿನ ಹಿಂದೂ ಮಂದೀನ ಕರಸಿದ್ರು. ಅವರು ತಾಯತ ನೋಡಿ, ಈಕಿ ನಮ್ಮಾಕಿ ಅಲ್ಲ ಅಂದ್ರು. ದಿಕ್ಕಿಲ್ಲದ ಹೆಣ ಅಂತ ಗಾಡಿಯಾಗ ಹಾಕ್ಕೊಂಡು ಹ್ವಾದ್ರು. ನೀರು ಕಾದಿತ್ರಿ ಅಕ್ಕೋರ. ಕಾದ ನೀರು ಅಲ್ಲೇ ಬಿಟ್ಟು ಬಂದೆ."

ನನ್ನ ಕೊರಳಲ್ಲಿ ಚಿಕ್ಕಂದಿನಲ್ಲಿ ಲಿಂಗದ ಜೊತೆಗೇ ದರ್ಗಾದ ತಾಯತವೂ ಇತ್ತು. ಜೈತುನ್ಬೀಯ ಅತ್ತೆಯ ತೋಳಿನ ಮೇಲೆ ಚೇಳಿನ ಹಚ್ಚೆ ಇದ್ದುದನ್ನು ನಾನೇ ನೋಡಿದ್ದೇನೆ. ನಮ್ಮ ಸೀಮೆಯಲ್ಲಿ ತಾಯತ, ಹಚ್ಚೆ ನೋಡಿ ಯಾರನ್ನಾದರೂ ಇಂಥವರು ಎಂದು ಹೇಳಲಾಗುತ್ತದೆಯೇ? ಅದು ಜೈತುನ್ಬೀಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಆಡಿಬಂದಿದ್ದಳು.

ಮುಸರತ ತಾಯಿಯನ್ನೇ ನೋಡುತ್ತಿದ್ದಳು. ಸಂದರ್ಶನದ ಆ ನಗುಮುಖದ ಮಾತನ್ನು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಸುಟ್ಟುಕೊಂಡವಳು ಅವಳು. ಈಗ ಅದೇ ಮಾತು ಸ್ವಂತ ತಾಯಿಯ ಬಾಯಿಂದ ಬಂದಿತ್ತು. ದಿಕ್ಕಿಲ್ಲದ ಹೆಣಗಳು ಕೊನೆಗೆ ಬರುವುದು ಅವಳ ಕಾಲೇಜಿಗೇ; ಆ ಹೆಂಗಸಿನ ಮುಖದ ಮೇಲಿನ ಬಟ್ಟೆಯನ್ನು ದಿನಾ ಬೆಳಿಗ್ಗೆ ಸರಿಸುತ್ತಿದ್ದವಳೂ ಅವಳೇ. ಎದ್ದು ಅಂಗಳಕ್ಕೆ ಹೋದಳು.

ಜೈತುನ್ಬೀ ಸಾನಿಯಾಳ ಕಡೆ ತಿರುಗಿದಳು. "ಆಕಿ ನಿನ್ನ ಬೆನ್ನು ಹತ್ತಿಲ್ಲ ಬೇಟಾ. ನನ್ನ ಬೆನ್ನು ಹತ್ಯಾಳ. ದಿನಾ ಸಂಜಿಗಿ ಬಂದು ಬಾಗಲದಾಗ ನಿಂದರ್ತಾಳ, ಒಳಗ ಬರಂಗಿಲ್ಲ. ಈಗ ನೀನೂ ಬಿಟ್ಟು ಹೋದ್ರ ಆಕಿನ್ನ ಇನ್ನೊಮ್ಮಿ ಬಿಟ್ಟಂಗ ಆಗ್ತದ. ಹೋಗಬ್ಯಾಡ. ಆಕಿ ಕಡಿಂದ ಏನು ಕಲಿಬೇಕೋ ಕಲಿ. ಎಲ್ಲ ಮುಗದ ಮ್ಯಾಲ ಆಕಿಗಿ ನೀರು ಹಾಕು."

"ನಂಗ ಬರಂಗಿಲ್ಲ, ನಾನೀಮಾ."

"ನಾ ಕಲಸ್ತೀನಿ."

"ಯಾರ ಮ್ಯಾಲ?"

ಜೈತುನ್ಬೀ ನನ್ನನ್ನು ನೋಡಿದಳು. ಹುಚ್ಚು ಹಿಡಿಯಿತೇ ನಿನಗೆ ಎಂದು ಬಾಯಿಗೆ ಬಂದಂತೆ ಬೈದೆ. ಗಟ್ಟಿಮುಟ್ಟಾಗಿ ಓಡಾಡುವ ಹೆಂಗಸು ಹೆಣದಂತೆ ಮಲಗುವುದೆಂದರೇನು! ಬೈಯುತ್ತಲೇ ಅಂಗಳಕ್ಕೆ ಹೋಗಿ ಬೇವಿನ ನೆರಳಿನ ಫರಸಿ ಕಲ್ಲಿನ ಮೇಲೆ ಮಲಗಿದೆ. ಆ ಹುಡುಗಿಯ ಮುಖ ಹಾಗಿತ್ತು, ಏನು ಮಾಡಲಿ.

ಕಲ್ಲು ಬೆನ್ನಿಗೆ ತಣ್ಣಗೆ ಹತ್ತಿತು. ಕಣ್ಣು ಮುಚ್ಚಿದೆ. ಮೈಮೇಲೆ ಚಾದರ ಬಂತು. "ಮೊದಲ ಮಾಫಿ ಕೇಳಬೇಕು. ನನ್ನ ಕೈ ಒರಟು ಅನಿಸಿದ್ರ ಮಾಫ್ ಮಾಡವ್ವಾ ಅನ್ನಬೇಕು. ಕುತ್ತಿಗಿ ಹಿಂಗ ಹಿಡಿ, ಕೂಸಿಂದು ಹಿಡಿದಂಗ. ಬಲಗಡಿ ಮೊದಲ" ಎಂದು ಜೈತುನ್ಬೀ ಹೇಳಿಕೊಡುತ್ತಿದ್ದಳು. ಬೆಚ್ಚನೆಯ ನೀರು ಬಲಗೈ ಮೇಲೆ ಹರಿಯಿತು. ಹುಟ್ಟಿದಂದಿನಿಂದ ನನ್ನ ಮೈಯನ್ನು ಅಷ್ಟು ಜೋಪಾನವಾಗಿ ಯಾರೂ ಮುಟ್ಟಿರಲಿಲ್ಲ. ನನಗೆ ಹೆದರಿಕೆಯಾಯಿತು, ಅಳುವೂ ಬಂತು. ಅದನ್ನು ಮುಚ್ಚಿಕೊಳ್ಳಲು ಚೇಷ್ಟೆಯ ಮಾತೊಂದು ಆಡಿದೆ.

"ನಾ ನಿಮ್ಮಾಕಿ ಅಲ್ಲಲ್ಲ ಜೈತುನ್ಬೀ, ನಂಗ್ಯಾಕ ನೀರು ಹಾಕಾಕತ್ತಿ?"

ನೀರು ನಿಂತಿತು. ಕಣ್ಣು ತೆರೆದು ನೋಡಿದರೆ ಜೈತುನ್ಬೀ ತಂಬಿಗೆಯನ್ನು ಎತ್ತಿ ಹಿಡಿದೇ ಇದ್ದಳು. ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಎಡ ಮುಂಗೈಯನ್ನು. ಅಲ್ಲಿ ಏನೂ ಇರಲಿಲ್ಲ. ಆಕೆಗೆ ಮಾತ್ರ ಏನು ಕಾಣುತ್ತಿತ್ತೋ. "ತಪ್ಪಾತವ್ವಾ" ಎಂದಳು. ಅದನ್ನು ನನಗೆ ಹೇಳಲಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ತಿಳಿಯಿತು.

ಆಗ ಸಾನಿಯಾ ಆಕೆಯ ಕೈಯಿಂದ ತಂಬಿಗೆ ತೆಗೆದುಕೊಂಡಳು. ನೀರನ್ನು ತನ್ನ ಮುಂಗೈ ಮೇಲೆ ಸುರಿದುಕೊಂಡು ನೋಡಿದಳು. ಆಮೇಲೆ ನನ್ನ ಎಡಗೈಗೆ ಹಾಕಿದಳು. ಮರದ ಬಳಿ ನಿಂತಿದ್ದ ಮುಸರತ ಬಂದು ತಾಯಿಯ ಪಕ್ಕದಲ್ಲಿ ಕೂತಳು. ಮರುದಿನ ಬೆಳಿಗ್ಗೆ ಸಾನಿಯಾ ದಂಡೋತಿಗೆ ಹೋಗಲಿಲ್ಲ, ಮುಸರತಳ ಜೊತೆ ಕಾಲೇಜಿಗೆ ಹೋದಳು.

ವರ್ಷದ ಪಾಠ ಮುಗಿದು, ಮೇಜಿನ ಮೇಲೆ ಉಳಿದದ್ದನ್ನು ಮಣ್ಣಿಗೆ ಕೊಡುವ ದಿನ ಬಂತು. ಆ ಕೆಲಸದ ಹೊತ್ತಿಗೆ ಅಧ್ಯಾಪಕರಾಗಲಿ ವಿದ್ಯಾರ್ಥಿಗಳಾಗಲಿ ಇರುವ ಪದ್ಧತಿ ಅಲ್ಲಿರಲಿಲ್ಲವಂತೆ. ಮುಸರತ ಜಗಳವಾಡಿಯೇ ಅನುಮತಿ ಪಡೆದಳು. ಬಲಗಡೆ ಮೊದಲು ಎನ್ನಲು ಅಲ್ಲಿ ಒಂದು ಆಕಾರ ಉಳಿದಿರಲಿಲ್ಲ. ಇದ್ದುದಕ್ಕೇ ಅವಳೂ ಸಾನಿಯಾಳೂ ನೀರು ಹಾಕಿದರು. ಹೆಸರಿಟ್ಟು ನಗುತ್ತಿದ್ದ ಮಕ್ಕಳಲ್ಲೂ ಕೆಲವರು ಬಂದು ದೂರ ನಿಂತಿದ್ದರಂತೆ. ಸಾನಿಯಾ ಫೋನ್ ಮಾಡಿದಾಗ ಜೈತುನ್ಬೀ ಕೇಳಿದ್ದು ಒಂದೇ: "ನೀರು ಬೆಚ್ಚಗಿತ್ತೇನು?"

"ಕೈ ಮ್ಯಾಲ ಹಾಕ್ಕೊಂಡು ನೋಡೀನಿ, ನಾನೀಮಾ."

ಈ ವರ್ಷ ಹೊಸ ಅಧ್ಯಾಪಕರ ಸಂದರ್ಶನದಲ್ಲಿ ಸಮಿತಿಯ ಪರವಾಗಿ ಮುಸರತಳೂ ಕೂತಿದ್ದಳು. ಸೇಡಂ ಕಡೆಯ ಕಲ್ಲೊಡೆಯುವವರ ಮನೆಯ ಹೆಣ್ಣುಮಗಳೊಬ್ಬಳು ಬಂದಿದ್ದಳಂತೆ. ಅದೇ ಹಿರಿಯರು, ಅದೇ ನಗು, "ನಿಮ್ಮವರು ಇಲ್ಲಿ ಯಾರೂ..." ಎಂದು ಶುರು ಮಾಡಿದರು. "ಅದಾರ್ರಿ. ನಾನದೀನಿ" ಎಂದಳಂತೆ ಮುಸರತ. ಆ ಹಿರಿಯರು ನಮ್ಮ ಬೀಗರೇ. ಅವರ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಬಾಗಿಲ ಹಿಂದೆ ಏನನ್ನೂ ಇಡುವುದಿಲ್ಲ, ನಿದ್ದೆಯೂ ಅವರಿಗೆ ಚೆನ್ನಾಗಿಯೇ ಬರುತ್ತದೆ.

ಸಾನಿಯಾ ಫೋನ್ ಮಾಡಿದ ದಿನ ಸಂಜೆ ಜೈತುನ್ಬೀಯ ಬಾಗಿಲ ಹಿಂದೆ ತಂಬಿಗೆ ಇರಲಿಲ್ಲ. ಅಬ್ಬಾ, ಪೀಡೆ ತೊಲಗಿತು ಎಂದು ಹಗುರಾದೆ. ಮರುದಿನ ಸಂಜೆ ಹೋದರೆ ಮತ್ತೆ ಅದೇ ಜಾಗದಲ್ಲಿ, ಆವಿಯಾಡುತ್ತ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇನ್ನ ಯಾಕಿದು? ಆ ಹುಡುಗಿ ನೀರು ಹಾಕ್ಯಾಳಲ್ಲ, ಆಕಿ ಹ್ವಾದಳಲ್ಲ?"

ಜೈತುನ್ಬೀ ತಂಬಿಗೆಯನ್ನು ಮುಟ್ಟಿ ನೋಡಿ, ಬಾಗಿಲನ್ನು ಅರ್ಧ ತೆರೆದಿಟ್ಟಳು.

"ಆಕಿ ಹ್ವಾದಳ್ರಿ ಅಕ್ಕೋರ. ನಾ ಆಡಿದ ಮಾತು ಹೋಗಿಲ್ಲ."