ಆರು ತಂಡಗಳ ಎಲ್ವುಡ್

ಎಲ್ವುಡ್ ಮ್ಯಾಬ್ರಿ ಅಲಬಾಮಾದ ಹತ್ತಿ ಗಿರಣಿಯ ಊರಿನವನು. ಮೈಯಲ್ಲಿ ಆನೆಬಲ, ಸ್ವಭಾವದಲ್ಲಿ ಹಸು. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಅವನ ಕೆಲಸ ಒಂದೇ: ಚೆಂಡು ಹಿಡಿದವನ ಮುಂದೆ ಗೋಡೆಯಂತೆ ನಿಂತು, ನುಗ್ಗಿ ಬರುವವರನ್ನು ತಡೆಯುವುದು. ಚೆನ್ನಾಗಿ ತಡೆದರೆ ಯಾರೂ ಅವನ ಹೆಸರೆತ್ತುತ್ತಿರಲಿಲ್ಲ. ಒಬ್ಬ ನುಸುಳಿದರೆ ಸಾಕು, ಟೀವಿಯವರು ಹೆಸರು ಹಿಡಿದು ಆಡಿಕೊಳ್ಳುತ್ತಿದ್ದರು. ದೊಡ್ಡ ಲೀಗಿನಲ್ಲಿ ಒಂಬತ್ತು ವರ್ಷ ಆಡಿದ, ಆರು ತಂಡ ಬದಲಿಸಿದ. ಬದಲಿಸಿದ ಅನ್ನುವುದೂ ತಪ್ಪು. ಒಬ್ಬರು ಬಿಟ್ಟರು, ಇನ್ನೊಬ್ಬರು ಕರೆದರು. ಎಲ್ಲೋ ಯಾರದೋ ಕಾಲು ಮುರಿದಾಗ ಇವನ ಮನೆಯ ಫೋನು ಬಡಿದುಕೊಳ್ಳುತ್ತಿತ್ತು.

ನಾಲ್ಕನೆಯ ತಂಡ ಅವನನ್ನು ಬಿಟ್ಟದ್ದು ಒಂದು ಸೋಮವಾರ. ಮರುದಿನವೇ ಬೇರೆ ಊರಿನಿಂದ ಕರೆ ಬಂತು. ಖುಷಿಯಾಗಿಯೇ ಹೋದ. ಅಲ್ಲಿನ ಕೋಚ್ ಬಾಗಿಲು ಹಾಕಿ, ಕಾಫಿ ಕೊಟ್ಟು, "ಕೂತ್ಕೊ ದೊಡ್ಡೋನೆ. ನಿನ್ನ ಹಳೇ ತಂಡದವರು ಮೈದಾನದಲ್ಲಿ ಅದೇನೋ ಬಣ್ಣ, ಅಂಕಿ ಅಂತ ಗುಟ್ಟಿನ ಸಂಕೇತ ಕೂಗ್ತಾರಲ್ಲ, ಅದರ ಅರ್ಥ ಏನು?" ಎಂದ. ಬರುವ ಭಾನುವಾರ ಅದೇ ಹಳೆಯ ತಂಡದ ಮೇಲೆ ಪಂದ್ಯ. ಇವರಿಗೆ ಬೇಕಾದದ್ದು ತನ್ನ ತೋಳಲ್ಲ, ಬಾಯಿ ಎಂದು ಎಲ್ವುಡ್‌ಗೆ ಆಗ ಹೊಳೆಯಿತು.

"ನಾಳೆ ಹೇಳ್ತೀನಿ" ಎಂದು ಹೊರಬಂದು ಹೆಂಡತಿ ವರ್ಲೀನ್‌ಗೆ ಫೋನ್ ಮಾಡಿದ.

"ಸ್ಪೈವಿ ಇನ್ನೂ ಆ ಹಳೇ ತಂಡದಲ್ಲೇ ಇದಾನೆ ಕಣೆ. ಭುಜಕ್ಕೆ ಭುಜ ಕೊಟ್ಟು ಆಡಿದೋರು ನಾವು. ಅವನ ಬೆನ್ನಿಗೇ ಚೂರಿ ಹಾಕಿದ ಹಾಗಾಗುತ್ತೆ."

"ನಿನ್ನ ಹೊರಗೆ ಹಾಕಿದಾಗ ಯಾವ ಸ್ಪೈವಿ ಅಡ್ಡ ಬಂದ? ಹೇಳಿಬಿಡು ಮಾರಾಯ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹೊತ್ತಿಗೆ ಮತ್ತೆ ಗಂಟುಮೂಟೆ ಕಟ್ಟೋಕೆ ನನ್ನ ಕೈಲಾಗಲ್ಲ."

ಮರುದಿನ ಎಲ್ವುಡ್ ಎಲ್ಲ ಹೇಳಿದ. ಕೋಚ್ ಬೆನ್ನು ತಟ್ಟಿದ. ಅಲ್ಲಿಂದಾಚೆ ಎಲ್ವುಡ್‌ಗೆ ತನ್ನ ಮೆಚ್ಚಿನ ಹಂದಿ ಪಕ್ಕೆಯ ಸುಟ್ಟ ಮಾಂಸವೂ ರುಚಿಸಲಿಲ್ಲ.

ಭಾನುವಾರ ಹಳೆಯ ತಂಡದವರು ಅವೇ ಬಣ್ಣ ಕೂಗಿದರು, ಅರ್ಥ ಮಾತ್ರ ಬೇರೆ. ಇವರು ಎಡಕ್ಕೆ ಓಡಿದರೆ ಚೆಂಡು ಬಲಕ್ಕೆ. ಅರ್ಧ ಆಟಕ್ಕೇ ಪಂದ್ಯ ಕೈತಪ್ಪಿತ್ತು. ಬೆಂಚಿನ ಮೇಲಿದ್ದ ಎಲ್ವುಡ್‌ನತ್ತ ಕೋಚ್ ಒಮ್ಮೆ ನೋಡಿದ, ಅಷ್ಟೆ.

ಆಟ ಮುಗಿದ ಮೇಲೆ ಸ್ಪೈವಿ ಕೆಸರು ಮೆತ್ತಿದ ಕೈಯಲ್ಲೇ ಬಂದು ತಬ್ಬಿದ.

"ಲೋ, ಎಲ್ಲಾ ಕಕ್ಕಿಬಿಟ್ಯಾ?"

"ಹೂಂ, ಹೇಳಿದೆ."

"ಗೊತ್ತಿತ್ತು ಬಿಡು. ನೀನು ಇಲ್ಲಿಗೆ ಬಂದ ಸುದ್ದಿ ಸಿಕ್ಕಿದ್ದೇ ತಡ, ಎಲ್ಲಾ ಬದಲಾಯಿಸಿ ಅಂತ ನಾನೇ ಕೋಚ್‌ಗೆ ಹೇಳ್ದೆ."

"ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ವೇನೋ?"

"ಸಂಸಾರಸ್ಥ ನೀನು. ನಾನಾಗಿದ್ರೆ ಅವರು ಕೇಳೋಕ್ಮುಂಚೇನೇ ಹೇಳಿರ್ತಿದ್ದೆ!"

ಎಲ್ವುಡ್‌ಗೆ ನಗು ಬಂತು. ಇಷ್ಟು ದಿನ ಒಳಗೊಳಗೇ ಬೆಂದದ್ದು ದಂಡವಾಯಿತಲ್ಲ ಎಂದು ಸಿಟ್ಟೂ ಬಂತು.

ಮರುದಿನ ಆ ತಂಡವೂ ಅವನನ್ನು ಬಿಟ್ಟಿತು. ಆರನೆಯದರಲ್ಲಿ ಮಂಡಿ ಹೋಗುವವರೆಗೆ ಆಡಿ, ಊರಿಗೆ ಮರಳಿ, ಕೋಳಿಮಾಂಸದ ಕಾರ್ಖಾನೆಯ ಲಾರಿ ಓಡಿಸತೊಡಗಿದ. ಹೋಟೆಲಿನಲ್ಲಿ ಅವನ ಮೈಕಟ್ಟು ನೋಡಿ ಯಾರಾದರೂ "ಯಾವ ತಂಡಕ್ಕೆ ಆಡ್ತಿದ್ರಿ?" ಎಂದರೆ, "ನಿಮಗೆ ಯಾವುದಿಷ್ಟ?" ಎಂದು ಕೇಳುತ್ತಾನೆ. ಅವರು ಯಾವ ತಂಡದ ಹೆಸರು ಹೇಳಿದರೂ, ಹೆಚ್ಚುಕಡಿಮೆ ಅದರಲ್ಲಿ ಅವನು ಒಮ್ಮೆ ಆಡಿದವನೇ ಆಗಿರುತ್ತಾನೆ.